ಕರಿಹೊಳಲಿನ ಬಾಗಿಲು

ಕಂಪ್ಯೂಟರ್ ಪರದೆಗಳು ಟಿವಿಯಷ್ಟು ದಪ್ಪವಿದ್ದ ಕಾಲ. ತುಂಗಭದ್ರೆಯ ದಡದ ಹಳೇ ಛತ್ರವೊಂದರಲ್ಲಿ ಹನೀಫ್ ಮೇಷ್ಟ್ರು ವೆಬ್‌ಸೈಟ್ ಕಟ್ಟುವುದನ್ನು ಕಲಿಸುತ್ತಿದ್ದರು. ಕಿಟಕಿ ತೆರೆದರೆ ಹೊಳೆಯ ಗಾಳಿ, ಬಟ್ಟೆ ಒಗೆಯುವ ಸದ್ದು. ಶಿಷ್ಯೆ ನಳಿನಾಕ್ಷಿಗೆ ಈಗಲೂ ಒಮ್ಮೊಮ್ಮೆ, ಕೆಲಸದ ನಡುವೆ, ಆ ಸದ್ದು ಕೇಳಿದಂತಾಗುತ್ತದೆ.

ಅವಳು ಆಗ ಕಟ್ಟುತ್ತಿದ್ದುದು ಕರಿಹೊಳಲಿನವರ ವೆಬ್‌ಸೈಟ್. ಕರಿಹೊಳಲು ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರು. ಊರಿನವರು ದಿಕ್ಕಿಗೊಬ್ಬರಾಗಿ ಚದುರಿಹೋಗಿದ್ದರು. ನಳಿನಾಕ್ಷಿಯ ಅಮ್ಮನೂ ಆ ಊರಿನವಳೇ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ ಹಳೇ ನೆರೆಹೊರೆಯವರು ತಮಗೆಂದೇ ಬರೆದದ್ದನ್ನು ಓದಬಹುದಿತ್ತು.

ಒಂದು ಬೆಳಿಗ್ಗೆ ಚಂದ್ರವ್ವ ಎಂಬ ಮುದುಕಿ ಬಸ್ಸಿಳಿದು ಬಂದಳು. ಹೋದ ವಾರ ಮೇಷ್ಟ್ರೇ ಕೂರಿಸಿಕೊಂಡು ಅವಳ ಹೆಸರು ಸೇರಿಸಿಕೊಟ್ಟಿದ್ದರು. ಬಾಲ್ಯದ ಗೆಳತಿ ರುಕ್ಕವ್ವ ಸೊಲ್ಲಾಪುರದಿಂದ ಅವಳಿಗೆ ಏನೋ ಬರೆದಿದ್ದಾಳೆಂದು ಸುದ್ದಿ ಮುಟ್ಟಿತ್ತು. ಊರು ಬಿಟ್ಟ ದಿನ ಬೇರೆಬೇರೆ ಲಾರಿ ಹತ್ತಿದವರು, ಆಮೇಲೆ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಚಂದ್ರವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಪಾಸ್‌ವರ್ಡ್ ತಪ್ಪಾಗಿದೆ ಎಂದಿತು ಪರದೆ.

"ನನ್ನ ಒಳಗ ಬಿಡವಲ್ದು ನೋಡವ್ವಾ. ನಾ ಯಾರಂತ ಮರ್ತದೇನೋ."

ನಳಿನಾಕ್ಷಿ ಕೋಡ್ ತೆರೆದಳು. ಹೆಸರು ಹುಡುಕುವ ಕ್ವೆರಿ ಸರಿಯಿತ್ತು. ಹೆಸರು ಸಿಗುತ್ತಿತ್ತು. ಪಾಸ್‌ವರ್ಡ್ ಮಾತ್ರ ತಾಳೆಯಾಗುತ್ತಿರಲಿಲ್ಲ. ಹಳಬರು ಸಲೀಸಾಗಿ ಒಳಗೆ ಹೋಗುತ್ತಿದ್ದರು. ಈಚೆಗೆ ಸೇರಿದ ಯಾರಿಗೂ ಹೋಗಲಾಗುತ್ತಿರಲಿಲ್ಲ.

ಮಧ್ಯಾಹ್ನವಾದರೂ ಕಾರಣ ಹೊಳೆಯಲಿಲ್ಲ. ಚಂದ್ರವ್ವ ಬೆಂಚಿನ ಮೇಲೆ ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು. ಸಂಜೆಯ ಬಸ್ಸಿಗೆ ಅವಳು ಹಿಂದಿರುಗಬೇಕು.

ನಳಿನಾಕ್ಷಿಗೆ ನೋಡಲಾಗಲಿಲ್ಲ. ಪಾಸ್‌ವರ್ಡ್ ಪರೀಕ್ಷಿಸುವ ಸಾಲನ್ನೇ ತೆಗೆದುಹಾಕಿದಳು.

"ಬನ್ನಿ ಅಜ್ಜಿ, ಈಗ ಬಿಡುತ್ತೆ."

ಮೇಷ್ಟ್ರು ಎದ್ದು ಬಂದರು. "ಸ್ವಲ್ಪ ಏಳಮ್ಮ" ಎಂದು ಅವಳ ಕುರ್ಚಿಯಲ್ಲಿ ಕೂತರು. ಹೆಸರಿನ ಜಾಗದಲ್ಲಿ ನಳಿನಾಕ್ಷಿ ಎಂದು ಬರೆದರು. ಪಾಸ್‌ವರ್ಡಿಗೆ ಬೆರಳಿಗೆ ಸಿಕ್ಕಿದ್ದನ್ನೆಲ್ಲ ಒತ್ತಿದರು.

ಬಾಗಿಲು ತೆರೆಯಿತು, ನಳಿನಾಕ್ಷಿ ತನ್ನ ಅಕ್ಕನಿಗೆ ಬರೆದಿದ್ದ ಪತ್ರ ಪರದೆಗೆ ಬಂತು. ಮೇಷ್ಟ್ರು ಮೆಲ್ಲಗೆ ಓದತೊಡಗಿದರು. "ಅಕ್ಕಾ, ಅಮ್ಮನಿಗೆ ಹೇಳಬೇಡ. ನನಗೆ ಈ ಸಂಬಂಧ..."

"ಸಾಕು ಸರ್!" ನಳಿನಾಕ್ಷಿಯ ಕಿವಿ ಬಿಸಿಯಾಯಿತು.

"ಓದಬಾರದಿತ್ತು, ನಿಜ. ಆದರೆ ನೀನು ಯಾರಯ್ಯಾ ಅಂತ ಅದು ನನ್ನನ್ನು ಕೇಳಲೇ ಇಲ್ಲವಲ್ಲಮ್ಮ."

ಅವಳು ತೆಗೆದುಹಾಕಿದ್ದ ಸಾಲನ್ನು ಮತ್ತೆ ಸೇರಿಸಿದಳು.

"ಅಜ್ಜಿ ಕಾಯ್ತಿದ್ದಾರೆ ಸರ್. ಎಲ್ಲಿ ಕೆಟ್ಟಿದೆ ಅಂತ ಇದು ಬಾಯೇ ಬಿಡ್ತಿಲ್ಲ."

"ಬಾಯಿ ಮುಚ್ಚಿಸಿದವರು ಯಾರು?"

ನಳಿನಾಕ್ಷಿ ತಲೆ ತಗ್ಗಿಸಿದಳು. ಊರಿನ ಹಿರಿಯರು ಸೈಟ್ ನೋಡಲು ಬರುವ ದಿನ, ತಪ್ಪು ತೋರಿಸುವ ಎಚ್ಚರಿಕೆಯ ಸಾಲುಗಳು ಕಂಡರೆ ಮರ್ಯಾದೆ ಹೋದೀತೆಂದು ಅವನ್ನೆಲ್ಲ ಅಡಗಿಸಿದ್ದವಳು ಅವಳೇ.

ಅಡಗಿಸಿದ್ದನ್ನು ಬಿಚ್ಚಿದಳು. ಪರೀಕ್ಷೆಗೆಂದು ಯಾವುದೋ ಹೆಸರು ಸೇರಿಸಿದಳು. ಈ ಸಲ ಹೆಸರುಗಳನ್ನೆಲ್ಲ ಇಡುವ ಡೇಟಾಬೇಸ್ ಬಾಯಿಬಿಟ್ಟಿತು. ಕೊಟ್ಟದ್ದು ಇಟ್ಟ ಜಾಗದಲ್ಲಿ ಹಿಡಿಯಲಿಲ್ಲ, ಕೊನೆಯನ್ನು ಕತ್ತರಿಸಿದ್ದೇನೆ ಎಂದಿತು.

ಅವಳಿಗೆ ತಟ್ಟನೆ ಅರ್ಥವಾಯಿತು. ಪಾಸ್‌ವರ್ಡನ್ನು ಇದ್ದಂತೆ ಇಡುವುದಿಲ್ಲ, ಯಾರಿಗೂ ತಿಳಿಯದ ಅಕ್ಷರಗಳ ಸಾಲಾಗಿ ಮಾಡಿ ಇಡುತ್ತಾರೆ. ಇನ್ನಷ್ಟು ಭದ್ರವಾಗಲೆಂದು ಅವಳು ಈಚೆಗೆ, ಹೊಸದಾಗಿ ಸೇರುವವರಿಗೆ ಮಾತ್ರ, ಆ ವಿಧಾನ ಬದಲಿಸಿದ್ದಳು. ಹೊಸ ಸಾಲು ಹಳೆಯದಕ್ಕಿಂತ ಉದ್ದ. ಅದಕ್ಕಿಟ್ಟ ಜಾಗ ಮಾತ್ರ ಹಿಂದಿನಷ್ಟೇ ಇತ್ತು.

ಜಾಗ ದೊಡ್ಡದು ಮಾಡಿದಳು. ಚಂದ್ರವ್ವನನ್ನು ಕರೆದು ಕೂರಿಸಿದಳು. ಪರದೆ ಮತ್ತೆ ಅದನ್ನೇ ಹೇಳಿತು, ಪಾಸ್‌ವರ್ಡ್ ತಪ್ಪಾಗಿದೆ.

"ಸರಿ ಮಾಡಿದೆನಲ್ಲ ಸರ್?"

"ಮಾಡಿದೆ. ಕತ್ತರಿಸಿ ಹೋದದ್ದು ತಾನಾಗಿ ಬಂದು ಅಂಟಿಕೊಳ್ಳುತ್ತದೆಯೇ?"

ನಳಿನಾಕ್ಷಿ ಚಂದ್ರವ್ವನ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜಿ, ನೀವು ಕೊಟ್ಟದ್ದನ್ನು ನಾನು ಪೂರ್ತಿ ಇಟ್ಟುಕೊಳ್ಳಲಿಲ್ಲ. ತಪ್ಪು ನನ್ನದು. ಇನ್ನೊಮ್ಮೆ ಹೊಸದಾಗಿ ಕೊಡ್ತೀರಾ?"

"ಅಷ್ಟೇನ? ಕೊಡ್ತೇನಿ ತಗೋ. ನೀ ಅತ್ತಾಗ ನೋಡು ಮತ್ತ."

ನಳಿನಾಕ್ಷಿ ಕಿಟಕಿಯ ಕಡೆ ತಿರುಗಿದಳು. ಹಿಂದೆ ಒಂದೊಂದೇ ಕೀಲಿ ಒತ್ತುವ ಸದ್ದು. ನಡುವೆ ಎಷ್ಟೋ ಹೊತ್ತು ಏನೂ ಇಲ್ಲ. ಮತ್ತೊಂದು ಸದ್ದು.

"ಬಿಡ್ತವ್ವಾ! ಬಿಡ್ತು!"

ಚಂದ್ರವ್ವ ಪರದೆಯ ಹತ್ತಿರ ಮುಖ ತಂದು ಓದತೊಡಗಿದಳು. ತುಟಿ ಅಲುಗುತ್ತಿದ್ದವು. ಒಮ್ಮೆಲೇ ನಕ್ಕಳು. "ಇಕಿ ಇನ್ನೂ ಬಾವಿಕಟ್ಟಿ ಸುದ್ದಿ ಬಿಟ್ಟಿಲ್ಲ!" ಎಂದು ಪರದೆಗೇ ಹೇಳಿದಳು. ನಗುತ್ತಿದ್ದಂತೆಯೇ ಸೆರಗು ಕಣ್ಣಿಗೆ ಹೋಯಿತು.

ಆ ಬಾವಿಕಟ್ಟೆ ನಳಿನಾಕ್ಷಿಗೂ ಗೊತ್ತು. ಅದನ್ನು ಅವಳು ನೋಡಿದ್ದಿಲ್ಲ, ಅಮ್ಮನ ಬಾಯಲ್ಲಿ ಕೇಳಿದ್ದಳು, ಅಷ್ಟೆ. ಅಲ್ಲಿ ಏನು ನಡೆದಿತ್ತೋ, ರುಕ್ಕವ್ವ ಏನು ಬರೆದಿದ್ದಾಳೋ. ಅವಳಿಗೇ ಅರಿವಿಲ್ಲದೆ ಕಾಲು ಮುಂದಾಯಿತು, ಕತ್ತು ಬಾಗಿತು.

ಮೇಷ್ಟ್ರು ಆಗಲೇ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದರು.

"ಬಾರಮ್ಮ, ಚಹಾ ಕುಡಿದು ಬರೋಣ. ಅವರಿಬ್ಬರೂ ಮಾತಾಡಿಕೊಳ್ಳಲಿ."