ಎರಡು ಗಡಿಗೆ, ಒಂದು ಹರಳು

"ಕೇಳಿರಪ್ಪಾ ಕೇಳಿ. ಕೋಡಿಹಾಳದಲ್ಲಿ ಮತ್ತೆ ಹರಳು ಹಾಕುವ ದಿನ ಬೇಕೆನ್ನುವವರು ಅರಮನೆಯ ಅಂಗಳಕ್ಕೆ ಬರಬಹುದು. ದೊರೆ ಮಾರಮಲ್ಲರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದರೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಕೋಟೆಬಾಗಿಲ ಮೇಲೆ."

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. ಹರಳು ಹಾಕುವುದೆಂದರೆ ಊರಿನವರೆಲ್ಲ ಸೇರಿ ತಮ್ಮ ದೊರೆಯನ್ನು ತಾವೇ ಆರಿಸುವುದು. ಮಾರಮಲ್ಲನೂ ಹಾಗೆಯೇ ಗದ್ದುಗೆಗೆ ಬಂದವನು. ಬಂದಮೇಲೆ ಆ ಕಟ್ಟಳೆಯನ್ನೇ ನಿಲ್ಲಿಸಿಬಿಟ್ಟ. ಆದರೆ ಪಟ್ಟದ ದಿನ ಊರದೇವಿಯ ಮುಂದೆ, ಹರಳಿನ ದಿನ ಕೇಳಿ ಬಂದವರಿಗೆ ಇಲ್ಲವೆನ್ನುವುದಿಲ್ಲ ಎಂದು ಆಣೆ ಇಟ್ಟಿದ್ದ. ದೇವಿಗೆ ಅಷ್ಟಿಷ್ಟು ಹೆದರುತ್ತಿದ್ದ. ಹಾಗಾಗಿ ಇಲ್ಲವೆನ್ನಲಿಲ್ಲ, ಒಗಟು ಕೇಳಿದ. ಎಂಥ ಧರ್ಮಿಷ್ಠ ನೋಡಿ.

ಮೊದಲು ಬಂದವನು ಶಾಸ್ತ್ರ ಓದಿದ ಶೇಷಾಚಾರಿ. ದೊರೆ ಎಲೆಯಡಿಕೆ ಜಗಿಯುತ್ತಾ ಕೇಳಿದ: "ನನ್ನನ್ನು ಈ ಗದ್ದುಗೆಯ ಮೇಲೆ ಕೂರಿಸಿದ ಜನ ಇದ್ದಾರೆ. ಅವರು ನನಗಾಗಿ ಕತ್ತಿ ಹಿಡಿಯಲಿಲ್ಲ, ನನ್ನ ಹೆಸರೆತ್ತಲಿಲ್ಲ. ನನ್ನನ್ನು ಕಂಡರೆ ಅವರಿಗೆ ಆಗುವುದೂ ಇಲ್ಲ. ಆದರೂ ಅವರಿಂದಲೇ ನಾನು ದೊರೆಯಾದೆ. ಯಾರವರು?"

"ಗ್ರಹಗಳು ಪ್ರಭು" ಎಂದ ಶೇಷಾಚಾರಿ.

"ಗ್ರಹಗಳಿಗೆ ನನ್ನ ಮೇಲೆ ಸಿಟ್ಟಿಲ್ಲವಲ್ಲ" ಎಂದು ದೊರೆ ಕೈ ಬೀಸಿದ. ತಲೆ ಉರುಳಿತು.

ಆಮೇಲೆ ಪಾರಿಸಶೆಟ್ಟಿಯ ಮಗ ಬಂದ. ದೊರೆಯ ಶತ್ರುಗಳೇ ತಮ್ಮತಮ್ಮಲ್ಲಿ ಕಚ್ಚಾಡಿ ಗದ್ದುಗೆ ಬಿಟ್ಟುಕೊಟ್ಟರು ಎಂದ.

"ಬುದ್ಧಿವಂತ. ಹತ್ತಿರ ಬಂದೆ. ಅದಕ್ಕೇ ನಿನಗೆ ಹರಿತವಾದ ಕತ್ತಿ" ಎಂದ ದೊರೆ. ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮೂರನೆಯವನು ಕೆಂಚ. ತಂಗಿ ದ್ಯಾಮಿಯ ಜೊತೆ ಬೀದಿಬೀದಿ ಮಜ್ಜಿಗೆ ಮಾರುತ್ತಿದ್ದ ಹುಡುಗ. ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಸುತ್ತ ನಿಂತ ಜನರ ಕಡೆ ತಿರುಗಿ, "ಗೊತ್ತಿರೋರು ಯಾರಾದ್ರೂ ಹೇಳ್ರಪ್ಪ" ಎಂದ.

"ಹೇಳಬಹುದು. ಅದನ್ನೇ ಇವನ ಉತ್ತರವೆಂದು ಹಿಡಿಯುತ್ತೇನೆ" ಎಂದ ದೊರೆ.

ಜನರಲ್ಲಿ ವಯಸ್ಸಾದವರೆಲ್ಲ ನೆಲ ನೋಡಿದರು. ದೊರೆ ಎಂಜಲು ಸೋರುವಷ್ಟು ನಕ್ಕ. ಕೆಂಚನ ತಲೆಯೂ ಬಾಗಿಲೇರಿತು.

ಮನೆಯಲ್ಲಿ ದ್ಯಾಮಿ ಅಳುತ್ತಿದ್ದರೆ ಅವಳ ಅಜ್ಜಿ ಸಾತಜ್ಜಿ ಗೋಡೆಗೆ ಒರಗಿ ಕೂತಿತ್ತು. ಕೊನೆಗೆ ಬಾಯಿ ಬಿಟ್ಟಿತು. "ನಂಗೆ ಗೊತ್ತಿತ್ತು ಕಣೇ. ಅಲ್ಲಿದ್ದ ಮುದುಕರಿಗೆಲ್ಲ ಗೊತ್ತಿತ್ತು. ಆವತ್ತು ಹರಳು ಹಾಕಕ್ಕೆ ಹೋಗದೆ ಮನೇಲಿ ಕೂತಿದ್ದೋರು ನಾವೇ. ಬಿಸಿಲು ಚೆನ್ನಾಗಿತ್ತು, ನಾನು ಸಂಡಿಗೆ ಒಣಗಿಸ್ತಿದ್ದೆ. ನನ್ನೊಂದು ಹರಳಿಂದ ಏನಾದಾತು ಅಂದ್ಕೊಂಡೆ. ಎಲ್ರೂ ಹಂಗೇ ಅಂದ್ಕೊಂಡ್ರು. ಅವನ ಆಳುಗಳು ಮಾತ್ರ ಹೋಗಿ ಹಾಕಿ ಬಂದ್ರು."

"ಅಣ್ಣ ಕೇಳ್ದಾಗ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನದ ಮುಂದೆ ನಾನೇ ಅಂತ ಹೆಂಗೆ ಹೇಳ್ಲೇ? ನಾಚಿಕೆ ಆಯ್ತು."

ಮೊಮ್ಮಗನ ತಲೆಗಿಂತ ಮುದುಕಿಗೆ ತನ್ನ ಮಾನವೇ ದೊಡ್ಡದಾಗಿತ್ತು. ದ್ಯಾಮಿ ಕಣ್ಣೊರೆಸಿಕೊಂಡು, "ಆವತ್ತು ಹೋಗಿದ್ರೆ ಏನೇನು ಮಾಡ್ಬೇಕಿತ್ತು, ಎಲ್ಲ ಹೇಳು" ಎಂದಳು. ಅಜ್ಜಿ ಹೇಳಿತು. ಆಮೇಲೆ ಬಹಳ ದಿನ ಅವರಿಬ್ಬರು ಮಾತಾಡಲಿಲ್ಲ.

ಮರುದಿನ ದ್ಯಾಮಿ ಅಂಗಳದಲ್ಲಿ ನಿಂತಳು. ದೊರೆ ಅದೇ ಒಗಟು ಕೇಳಿದ. ಅವಳು ಜನರ ಕಡೆ ಬೆರಳು ತೋರಿಸಿದಳು. "ಇಲ್ಲಿ ನಿಂತಿರೋ ಮುದುಕರು. ಹರಳು ಹಾಕೋ ದಿನ ಮನೇಲಿ ಕೂತೋರು. ನಮ್ಮಜ್ಜಿನೂ ಅದ್ರಲ್ಲಿ ಒಬ್ಳು."

ದೊರೆ ಜಗಿಯುವುದನ್ನು ನಿಲ್ಲಿಸಿದ. "ನನ್ನ ಅಂಗೈಯಲ್ಲೂ ಕಸ ಗುಡಿಸುವವಳ ಅಂಗೈಯಲ್ಲೂ ಒಂದೇ ತೂಕ ತೂಗುವುದು ಯಾವುದು? ಸಾವು ಎನ್ನಬೇಡ. ಅದು ನನ್ನ ಕೈಗೆ ಬಹಳ ಹಗುರ."

"ಹರಳು. ಒಬ್ರಿಗೆ ಒಂದೇ. ದೊರೆ ಅಂತ ನಿಮಗೆ ಎರಡು ಕೊಡಲ್ಲ."

"ಎರಡು ಬಾಯಿಗೂ ಹೋಗುವ ಕೈ ಒಂದೇ. ಒಂದಕ್ಕೆ ತುತ್ತು, ಇನ್ನೊಂದಕ್ಕೆ ಬರಿಗೈ. ತುತ್ತು ಯಾವುದಕ್ಕೆ ಸಿಕ್ಕಿತೆಂದು ಎದುರಿಗೇ ನಿಂತರೂ ನನಗೆ ಕಾಣುವುದಿಲ್ಲ. ಏನದು?"

"ಇಬ್ರು ನಿಂತ್ರೆ ಎರಡು ಗಡಿಗೆ. ಹರಳನ್ನ ಮುಷ್ಟೀಲಿ ಹಿಡಿದು ಎರಡಕ್ಕೂ ಕೈ ಇಳಿಸ್ಬೇಕು, ಎರಡರಿಂದಲೂ ಮುಷ್ಟಿ ಮುಚ್ಚಿಕೊಂಡೇ ತೆಗೀಬೇಕು. ಒಳಗೆ ಮರಳು ಇರುತ್ತೆ, ಬಿದ್ದ ಸದ್ದು ಬರಲ್ಲ. ಯಾವುದ್ರಲ್ಲಿ ಬಿಟ್ರು ಅಂತ ಹಾಕ್ದೋರಿಗೆ ಮಾತ್ರ ಗೊತ್ತು."

ಮೂರೂ ಸರಿಯಾಗಿದ್ದವು, ದೊರೆಯನ್ನು ಆಣೆ ಕಟ್ಟಿಹಾಕಿತ್ತು. "ಬರುವ ಹುಣ್ಣಿಮೆಗೆ ಹರಳಿನ ದಿನ. ಒಂದು ಗಡಿಗೆ ನನ್ನದು, ಇನ್ನೊಂದು ನಿನ್ನದು. ಪಕ್ಕದಲ್ಲಿ ಕತ್ತಿ ಹಿಡಿದವನು ನಿಂತಿರುತ್ತಾನೆ. ಹೆದರಿದ ಕೈ ಎಲ್ಲಿ ತಡಮಾಡುತ್ತದೆಂದು ಅವನಿಗೆ ಕಂಡೇ ಕಾಣುತ್ತದೆ" ಎಂದ ದೊರೆ.

ಅವನು ಹೇಳಿದ್ದು ಸುಳ್ಳಲ್ಲ. ದ್ಯಾಮಿ ಮಠದ ಅಂಗಳದಲ್ಲಿ ಎರಡು ಮಜ್ಜಿಗೆ ಗಡಿಗೆ ಇಟ್ಟು ಅಲ್ಲಿ ಓದುವ ಮಕ್ಕಳನ್ನು ಕರೆದಾಗ ಎಲ್ಲರೂ ಅದೇ ತಪ್ಪು ಮಾಡಿದರು. ಹರಳು ಬಿಡದ ಗಡಿಗೆಯಿಂದ ಕೈಯನ್ನು ಬೇಗ ಎಳೆದುಕೊಳ್ಳುತ್ತಿದ್ದರು. "ಸತ್ತೆ ನೀನು. ಇನ್ನೊಂದು ಸಲ ಹಾಕು" ಎನ್ನುತ್ತಿದ್ದಳು ದ್ಯಾಮಿ, ಮುಖದಲ್ಲಿ ನಗುವಿಲ್ಲದೆ. ಮಕ್ಕಳು ಕಲಿತು ಅಪ್ಪ ಅಮ್ಮಂದಿರಿಗೆ ಕಲಿಸಿದರು. ಹುಣ್ಣಿಮೆ ಹತ್ತಿರ ಬಂದಂತೆ ಕೇರಿಕೇರಿಯಲ್ಲೂ ಜೋಡಿ ಗಡಿಗೆಗಳು ಕಂಡವು.

ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಕತ್ತಿಯವನು ಕಣ್ಣು ಕೆಂಪಾಗುವವರೆಗೆ ನೋಡಿದ, ಏನೂ ಕಾಣಲಿಲ್ಲ. ಗಡಿಗೆ ಮಗುಚಿದಾಗ ದೊರೆಯ ಪಾಲಿಗೆ ಬಂದದ್ದು ಅವನ ಆಳುಗಳ ಹರಳಿಗಿಂತ ಕಡಿಮೆ. ಗದ್ದುಗೆ ದ್ಯಾಮಿಯದಾಯಿತು. ಮಾರಮಲ್ಲನನ್ನು ಅವಳು ಕೊಲ್ಲಿಸಲಿಲ್ಲ. ಊರಲ್ಲೇ ಉಳಿಸಿ, ಮುಂದಿನ ಹರಳಿನ ದಿನಗಳಲ್ಲಿ ಕಸ ಗುಡಿಸುವವಳ ಹಿಂದೆ ಸಾಲಿನಲ್ಲಿ ನಿಲ್ಲಿಸಿದಳು.

ಕೋಡಿಹಾಳದವರು ಇದನ್ನೆಲ್ಲ ಖುಷಿಯಿಂದ ಹೇಳುತ್ತಾರೆ. ಆ ಹುಣ್ಣಿಮೆಯ ಬೆಳಿಗ್ಗೆ ನಡೆದದ್ದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಾರೆ. ಎಲ್ಲರಿಗಿಂತ ಮೊದಲು ಬಂದು ನಿಂತದ್ದು ಸಾತಜ್ಜಿ. ದ್ಯಾಮಿ ಎಲ್ಲರಿಗೂ ಕೊಡುವಂತೆ ಅದರ ಕೈಗೂ ಹರಳು ಕೊಟ್ಟಳು. ಮುದುಕಿ ಎರಡು ಗಡಿಗೆಗೂ ಕೈ ಇಳಿಸಿ, ಮುಷ್ಟಿ ಮುಚ್ಚಿಕೊಂಡೇ ಅವಳ ಮುಂದೆ ನಿಂತಿತು.

"ಇಷ್ಟೇನಾ? ಇದನ್ನ ಆವತ್ತೇ ಹಾಕಿದ್ರೆ ನಮ್ಮ ಕೆಂಚ ಇರ್ತಿದ್ನೇನೇ?"

"ಇರ್ತಿದ್ದ" ಎಂದು ದ್ಯಾಮಿ ಹಿಂದೆ ನಿಂತವರ ಕೈಗೆ ಹರಳು ಕೊಟ್ಟಳು.