ಛತ್ರದ ಬಾಗಿಲಲ್ಲಿ ನೀಟಾಗಿದ್ದ ಚಪ್ಪಲಿಗಳು

೧೯೬೮ರ ನವೆಂಬರ್ ೧೦, ಭಾನುವಾರ. ನನ್ನ ಹಳೆಯ ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: 'ಬೆಳಿಗ್ಗೆ ಏಳಕ್ಕೇ ಹೋಗಿ ಗುರುಗಳ ಕೋಣೆಯನ್ನು ನೀಟಾಗಿ ಮಾಡಿದೆ. ಎಂಟು ವರ್ಷದ ಧೂಳು.' ಎರಡನೆಯ ಸಾಲಿನಲ್ಲಿ ನಾನು ಕೇಳಿದ ಪ್ರಶ್ನೆ ಇದೆ.

"ಗುರುಗಳೇ, ನೀಟು ಎಂಬ ಇಂಗ್ಲಿಷ್ ಪದವನ್ನು ಈಗ ಎಲ್ಲರೂ ಎಲ್ಲದಕ್ಕೂ ಬಳಸುತ್ತಾರೆ. ಬಾಚಿದ ತಲೆಯೂ ನೀಟು, ಬರೆದ ಅಕ್ಷರವೂ ನೀಟು. ಮೋಸ ಹೋದವನು ಕೂಡ, ನೀಟಾಗಿ ಟೋಪಿ ಹಾಕಿದ ಅನ್ನುತ್ತಾನೆ. ನಮ್ಮಲ್ಲಿ ಓರಣ ಇದೆ, ಒಪ್ಪ ಇದೆ, ಅಚ್ಚುಕಟ್ಟು ಇದೆ. ಇವುಗಳಲ್ಲಿ ಅದಕ್ಕೆ ಸರಿಯಾದುದು ಯಾವುದು?"

ಆಗ ನಮ್ಮ ಓಣಿಯಲ್ಲಿ ಬಿ.ಎ. ಮಾಡಿದ ಹೆಂಗಸು ನಾನೊಬ್ಬಳೇ. ಉಳಿದ ಹತ್ತು ಮಂದಿ ಶಿಷ್ಯರೂ ತಿರುಗಿ ನೋಡಿದರು. ಗುರುಗಳು ಮುಂದಿದ್ದ ಪುಸ್ತಕವನ್ನು ತೆರೆದು, ಕಣ್ಣಿನಿಂದ ದೂರ ಹಿಡಿದು, ಮತ್ತೆ ಮುಚ್ಚಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕ. ಅವನ ಮಗಳ ಮದುವೆ. ಪಟ್ಟಣದಲ್ಲಿ ಗುಮಾಸ್ತನಾಗಿದ್ದ ಅವನ ಭಾವಮೈದುನ ನಾಲ್ಕು ದಿನ ಮುಂಚೆಯೇ ಬಂದು, "ಭಾವ, ಎಲ್ಲ ನೀಟಾಗಿ ಆಗಬೇಕು, ನನಗೆ ಬಿಟ್ಟುಬಿಡಿ" ಅಂದ. ವರ್ತಕ ಬಿಟ್ಟ.

ಭಾವಮೈದುನ ದಾರ ಹಿಡಿದು ಊಟದ ಎಲೆಗಳನ್ನು ನೇರ ಮಾಡಿಸಿದ. ಲಾಡುಗಳನ್ನು ತೂಗಿ ಕಟ್ಟಿಸಿದ. ಜನ ಮೆಚ್ಚಿದರು.

ಎಲ್ಲರೂ ಊಟಕ್ಕೆ ಕೂತ ಮೇಲೆ ಅವನು ಛತ್ರದ ಬಾಗಿಲಿಗೆ ಬಂದ. ಅಲ್ಲಿ ಮುನ್ನೂರು ಜನರ ಚಪ್ಪಲಿಗಳು. ಕೆಲವು ಜಗಲಿಯ ಕೆಳಗೆ, ಕೆಲವು ಗಿಡದ ಬುಡದಲ್ಲಿ. ಎಡದ್ದು ಒಂದು ಕಡೆ, ಬಲದ್ದು ಇನ್ನೊಂದು ಕಡೆ. ಅವನಿಗೆ ನಾಚಿಕೆಯಾಯಿತು. ಪಂಚೆ ಎತ್ತಿ ಕಟ್ಟಿ ಎಲ್ಲವನ್ನೂ ತಂದು ಸಾಲಾಗಿ ಇಟ್ಟ. ಕಪ್ಪು ಒಂದು ಸಾಲು, ಕಂದು ಒಂದು ಸಾಲು. ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಹೊಂದುವಂತೆ ಕಂಡ ಎಡಕ್ಕೆ ಬಲವನ್ನು ಸೇರಿಸಿದ.

ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಮದುಮಗಳು ಗಾಡಿ ಹತ್ತದಿದ್ದರೆ ಆ ದಿನ ಅವಳನ್ನು ಕರೆದೊಯ್ಯುವುದಿಲ್ಲ ಎಂದು ಗಂಡಿನ ತಂದೆ ಮೊದಲೇ ಹೇಳಿದ್ದರು. ನಾಲ್ಕಕ್ಕೆ ಎಲ್ಲರೂ ಬಾಗಿಲಿಗೆ ಬಂದರು. ಸಾಲುಗಳನ್ನು ನೋಡಿ ಆಹಾ ಅಂದರು. ಆಮೇಲೆ ಕಾಲು ತೂರಿಸಿದರು. ಆಮೇಲೆ ಯಾರೂ ಆಹಾ ಅನ್ನಲಿಲ್ಲ.

ಗಂಡಿನ ತಂದೆ ಬರಿಗಾಲಲ್ಲಿ ನಿಂತಿದ್ದರು.

"ಹೊಸ ಚಪ್ಪಲಿ ಕಣಯ್ಯಾ. ಯಾರೂ ಮೆಟ್ಟಿಕೊಂಡು ಹೋಗಬಾರದು ಅಂತ ಎಡದ್ದನ್ನು ಕಂಬದ ಹಿಂದೆ ಬಿಟ್ಟಿದ್ದೆ, ಬಲದ್ದನ್ನು ಬಾವಿಕಟ್ಟೆ ಹತ್ತಿರ. ಎಲ್ಲಿ ಅವು?"

"ಎರಡನ್ನೂ ತಂದು ಜೋಡಿಸಿದ್ದೇನೆ ಬೀಗರೇ. ನೀಟಾಗಿ."

"ಯಾವುದರ ಜೊತೆಗಪ್ಪಾ ಜೋಡಿಸಿದ್ದು?"

ಅವನಿಗೆ ಗೊತ್ತಿರಲಿಲ್ಲ. ಅವನ ಚಪ್ಪಲಿಯೇ ಅವನಿಗೆ ಸಿಕ್ಕಿರಲಿಲ್ಲ.

ಬರಿಗಾಲಲ್ಲಿ ಸೊಸೆಯನ್ನು ಕರೆದೊಯ್ಯುವುದಿಲ್ಲ ಎಂದು ಗಂಡಿನ ತಂದೆ ಕಂಬಕ್ಕೆ ಒರಗಿ ಕೂತುಬಿಟ್ಟರು. ಮದುಮಗಳು ಅಳು ನಿಲ್ಲಿಸಿ ಗಡಿಯಾರ ನೋಡಿದಳು. ನಾಲ್ಕು ಇಪ್ಪತ್ತೈದು.

ವರ್ತಕನ ಚಪ್ಪಲಿಗಳು ಅಡಿಗೆಮನೆಯ ಹಿಂದೆ ಕೆಸರಿನಲ್ಲಿ ಬಿದ್ದಿದ್ದವು. ಭಾವಮೈದುನ ಆ ಕಡೆ ಹೋಗಿರಲಿಲ್ಲ. ವರ್ತಕ ಓಡಿಹೋಗಿ ಅವನ್ನೇ ತಂದು ಬೀಗರ ಕಾಲ ಬಳಿ ಇಟ್ಟ. ಎರಡು ಬೆರಳು ಚಿಕ್ಕವು. ಬೀಗರು ಹಿಮ್ಮಡಿ ಹೊರಗೆ ಚಾಚಿಕೊಂಡೇ ಗಾಡಿ ಹತ್ತಿದರು. ಹಿಂದೆಯೇ ಮದುಮಗಳು ಹತ್ತಿದಳು. ಉಳಿದವರು ದೀಪ ಹಚ್ಚುವವರೆಗೂ ಚಪ್ಪಲಿ ಹುಡುಕಿದರು.

ಗುರುಗಳು ಕತೆ ನಿಲ್ಲಿಸಿದರು. ನಾನು ಪೆನ್ನು ತೆರೆದು ಕಾದಿದ್ದೆ.

"ಕತೆ ಸರಿ ಗುರುಗಳೇ. ನೀಟಿಗೆ ಯಾವ ಪದ ಎಂದು ಬರೆದುಕೊಳ್ಳಲಿ?"

"ನಿಘಂಟು ನೋಡಿ ಹೇಳುತ್ತೇನೆ ತಾಯಿ, ಬೆಳಿಗ್ಗೆ ನನ್ನ ಕನ್ನಡಕವನ್ನು ಎಲ್ಲಿ ನೀಟಾಗಿ ಇಟ್ಟೆ ಹೇಳು."

ನಾನು ಪೆನ್ನು ಮುಚ್ಚಿ ಹುಡುಕಲು ಎದ್ದೆ.

ಕನ್ನಡಕ ಬುಧವಾರ ಸಿಕ್ಕಿತು, ನಾನು ಎತ್ತರ ನೋಡಿ ಜೋಡಿಸಿದ್ದ ಪುಸ್ತಕಗಳ ಹಿಂದೆ. ದಿನಚರಿಯಲ್ಲಿ ನಷ್ಟವನ್ನು ಹೀಗೆ ಬರೆದಿಟ್ಟಿದ್ದೇನೆ: ಹನ್ನೊಂದು ಮಂದಿಗೆ ಮೂರು ದಿನದ ಪಾಠ.