ಹಮ್ಮಣ್ಣನ ಗೋಡೆ, ಉಪ್ಪಿನ ಗದ್ದೆಯ ಕೋಲು

ತೊರೆಕೊಡ್ಲ ಎಂಬ ಕಡಲ ಬದಿಯ ಪೇಟೆಯಲ್ಲಿ ಜನ ಉಪ್ಪು ಬೆಳೆಯುತ್ತಿದ್ದರು. ಕಡಲು ಉಕ್ಕಿದ ಹೊತ್ತಿಗೆ ತೂಬಿನ ಬಾಗಿಲು ಎತ್ತಿ ನೀರನ್ನು ಗದ್ದೆಗೆ ಬಿಡುವುದು, ಬಿಸಿಲಿಗೆ ಒಪ್ಪಿಸಿ ಕಾಯುವುದು, ನೀರು ಆರಿದ ಮೇಲೆ ಉಳಿದ ಉಪ್ಪನ್ನು ಹಲಗೆಯಿಂದ ಎಳೆದು ದಂಡೆಯ ಮೇಲೆ ರಾಶಿ ಹಾಕುವುದು. ಬಿತ್ತುವ ಕೆಲಸವಿಲ್ಲ, ಕಳೆ ಕೀಳುವ ಕೆಲಸವಿಲ್ಲ. ಶತ್ರು ಒಬ್ಬನೇ, ಮಳೆ. ಅರವತ್ತು ಮನೆಗಳು ಆರು ತಿಂಗಳು ಎಳೆದ ಉಪ್ಪನ್ನು ಒಂದು ಜೋರು ಮಳೆ ಅರ್ಧ ದಿನದಲ್ಲಿ ಕಡಲಿಗೆ ವಾಪಸು ಕೊಂಡುಹೋಗುತ್ತದೆ.

ಆದ್ದರಿಂದ ಆ ಪೇಟೆಯಲ್ಲಿ ದೊಡ್ಡ ಮನುಷ್ಯ ಎಂದರೆ ತೂಬು ಕಾಯುವ ಹಮ್ಮಣ್ಣ. ಆಕಾಶದ ವಿಷಯ ಅವನಿಗೆ ಗೊತ್ತಿದ್ದಷ್ಟು ಆಕಾಶಕ್ಕೂ ಗೊತ್ತಿರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ. ತೂಬಿನ ಗೋಡೆಯ ಮೇಲೆ, ದೋಣಿಗೆ ಬಳಿದು ಉಳಿದ ನೀಲಿ ಬಣ್ಣದಲ್ಲಿ, ಹನ್ನೆರಡು ತಿಂಗಳ ಹವಾಮಾನ ಬರೆದಿಟ್ಟಿದ್ದ.

ಜೂನ್: ಬಂತು. ಜುಲೈ: ನಿಲ್ಲುವುದಿಲ್ಲ. ಆಗಸ್ಟ್: ನಿಂತ ಹಾಗೆ ಮಾಡಿ ಮತ್ತೆ ಬರುತ್ತದೆ. ಸೆಪ್ಟೆಂಬರ್: ಬಟ್ಟೆ ಒಣಗಬಹುದು, ನಂಬಿ ಕೂರಬೇಡಿ. ಅಕ್ಟೋಬರ್: ಮಧ್ಯಾಹ್ನ ಸೆಕೆ, ಸಂಜೆ ಗುಡುಗು. ನವೆಂಬರ್: ಒಂದೆರಡು ಹನಿ, ಲೆಕ್ಕಕ್ಕಿಲ್ಲ. ಡಿಸೆಂಬರ್, ಜನವರಿ: ಚಳಿಗಾಲ, ಬೆಳಿಗ್ಗೆ ಆರರಿಂದ ಏಳೂಕಾಲರ ತನಕ. ಫೆಬ್ರವರಿ: ಬೆಳಿಗ್ಗೆ ಗುಡ್ಡದ ಗಾಳಿ, ಮಧ್ಯಾಹ್ನದ ಮೇಲೆ ಕಡಲ ಗಾಳಿ. ಮಾರ್ಚ್: ಸೆಕೆ. ಏಪ್ರಿಲ್: ಇನ್ನೂ ಸೆಕೆ. ಮೇ: ಕೇಳಬೇಡಿ.

ಕೊನೆಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು: ಮಳೆ ಹಿಡಿಯುವುದು ಜೂನ್ ಎಂಟಕ್ಕೆ.

ಇದು ಇಪ್ಪತ್ತಮೂರು ವರ್ಷದ ಅನುಭವ. ಇಪ್ಪತ್ತೊಂದೇ ಎಂದು ಕೆಲವರು ವಾದಿಸುತ್ತಾರೆ, ಆದರೆ ಕಥೆಗೆ ಇಪ್ಪತ್ತಮೂರೇ ಚೆಂದ. ಪ್ರತಿ ವರ್ಷ ಜೂನ್ ಆರರವರೆಗೆ ಉಪ್ಪು ಎಳೆಯುವುದು, ಏಳರಂದು ರಾಶಿಗಳಿಗೆ ಹೆಣೆದ ತೆಂಗಿನ ಗರಿಯ ತಟ್ಟಿ ಹೊದಿಸುವುದು, ಎಂಟರಂದು ಜಗಲಿಯಲ್ಲಿ ಕೂತು ಮಳೆ ನೋಡುವುದು. ಮಳೆ ಒಂದು ದಿನ ಹಿಂದೆ ಮುಂದೆ ಆದರೆ ಹಮ್ಮಣ್ಣ ಮಳೆಯನ್ನೇ ಬೈಯುತ್ತಿದ್ದ.

ಆ ಪೇಟೆಯಲ್ಲಿ ಒಂದು ನಂಬಿಕೆಯೂ ಇತ್ತು. ಜೂನ್ ಏಳಕ್ಕಿಂತ ಮೊದಲು ಯಾರೂ ರಾಶಿ ಮುಚ್ಚಬಾರದು. ಮುಚ್ಚಿದರೆ ಮಳೆಯನ್ನು ಕೂಗಿ ಕರೆದ ಹಾಗೆ. ಒಂಬತ್ತು ವರ್ಷದ ಹಿಂದೆ ಸುಬ್ರಾಯ ಎಂಬವನು ಮೇ ಕೊನೆಯಲ್ಲೇ ತನ್ನ ರಾಶಿ ಮುಚ್ಚಿದ. ಮರುದಿನ ಮಳೆ ಹೊಡೆಯಿತು. ಊರಿನ ಕಾಲು ಭಾಗ ಉಪ್ಪು ಹೋಯಿತು. ಸುಬ್ರಾಯನ ಉಪ್ಪು ಮಾತ್ರ ಉಳಿಯಿತು.

ಬುದ್ಧಿವಂತ ಎಂದು ಅವನನ್ನು ಹೊಗಳಿದರು ಅಂದುಕೊಂಡಿರಾ? ಇಲ್ಲ. ಅಂದು ಗೋಡೆಯ ಮುಂದೆ ಸೇರಿದ ಜನ "ಎಂಟನೇ ತಾರೀಕು ಅಂದಿದ್ದೆಯಲ್ಲ ಮಾರಾಯ" ಎಂದು ಕೇಳಿದಾಗ ಹಮ್ಮಣ್ಣ ಕಣ್ಣು ಮಿಟುಕಿಸದೆ ಹೇಳಿದ್ದ, "ಅದು ಎಂಟಕ್ಕೇ ಬರೂದಿತ್ತು. ಸುಬ್ರಾಯ ಕರೆದ, ಬೇಗ ಬಂತು."

ಜನ ನಕ್ಕರು, ಆಮೇಲೆ ನಂಬಿದರು. ಅಂದಿನಿಂದ ಅವನು ಮಳೆ ಸುಬ್ರಾಯ. ಅವನ ಮಗಳ ಮದುವೆಯ ದಿನ ನಾಲ್ಕು ಹನಿ ಬಿದ್ದಾಗಲೂ ಬೀಗರ ಎದುರೇ ಜನ ಅವನನ್ನು ನೋಡಿ ಕೆಮ್ಮಿದ್ದರು.

ಹೀಗೆ ಹಮ್ಮಣ್ಣನ ಗೋಡೆ ಒಮ್ಮೆಯೂ ತಪ್ಪಲಿಲ್ಲ.

ಈ ವರ್ಷ ಮೇ ಇಪ್ಪತ್ತು ಬಂತು. ಬಿಸಿಲು ತಗಡಿನಂತೆ ಹೊಳೆಯುತ್ತಿತ್ತು. ದಂಡೆಯ ಉದ್ದಕ್ಕೂ ಅರವತ್ತು ರಾಶಿಗಳು, ಒಂದಕ್ಕಿಂತ ಒಂದು ಬಿಳಿ. ಕೊನೆಯ ಇಪ್ಪತ್ತು ದಿನದ ಉಪ್ಪೇ ಎಲ್ಲಕ್ಕಿಂತ ಒಳ್ಳೆಯ ಉಪ್ಪು ಎಂದು ಎಲ್ಲರ ಕೈಯೂ ಚುರುಕಾಗಿತ್ತು.

ಹಮ್ಮಣ್ಣ ಎಂದಿನಂತೆ ಬೆಳಿಗ್ಗೆ ನೀರು ನಿಲ್ಲಿಸುವ ಕೊಳಕ್ಕೆ ಹೋದ. ಅಲ್ಲಿ ಒಂದು ಕೋಲು ನೆಟ್ಟಿತ್ತು, ಅದರ ಮೇಲೆ ಗೀರುಗಳು. ತೂಬು ಮುಚ್ಚಿರುವಾಗ ಮೇ ತಿಂಗಳಲ್ಲಿ ದಿನಕ್ಕೆ ಒಂದು ಗೀರು ನೀರು ಇಳಿಯಬೇಕು. ಅಂದು ಅರ್ಧ ಗೀರು ಇಳಿದಿತ್ತು.

"ಕಣ್ಣು ಮಂಜಾಯ್ತೇನೋ" ಎಂದುಕೊಂಡ.

ಮರುದಿನ ಕಾಲು ಗೀರು. ಕಣ್ಣು ಉಜ್ಜಿ ನೋಡಿದ. ಬಗ್ಗಿ ಬೆರಳಿಟ್ಟು ನೋಡಿದ. ಕಾಲೇ.

ಬಿಸಿಲಿದ್ದೂ ನೀರು ಆರುತ್ತಿಲ್ಲ ಎಂದರೆ ಗಾಳಿಯ ಹೊಟ್ಟೆ ಆಗಲೇ ತುಂಬಿದೆ ಎಂದು ಅರ್ಥ. ಮೈ ಒರೆಸಿದ ಬಟ್ಟೆ ಸಂಜೆಗೂ ಒಣಗುತ್ತಿಲ್ಲ. ಇದು ಹಮ್ಮಣ್ಣನಿಗೆ ಗೊತ್ತಿತ್ತು. ಅವನಿಗೆ ಗೊತ್ತಾಗಿದ್ದು ಅವನಿಗೆ ಇಷ್ಟವಾಗಲಿಲ್ಲ, ಅಷ್ಟೇ. ತಲೆಯೆತ್ತಿ ಗೋಡೆ ನೋಡಿದ. ಗೋಡೆ ಜೂನ್ ಎಂಟು ಎನ್ನುತ್ತಿತ್ತು. ಗೋಡೆಯ ಮೇಲೆ ಅವನಿಗೆ ಪ್ರೀತಿ ಬಂತು.

ಮನೆಗೆ ಬಂದರೆ ಹೆಂಡತಿ ಬೀರಮ್ಮ ಅಂಗಳದ ಸೌದೆಯನ್ನೆಲ್ಲ ಒಳಗೆ ಜೋಡಿಸುತ್ತಿದ್ದಳು.

"ಇದೆಂತಕ್ಕೆ ಈಗಲೇ?" ಎಂದ ಹಮ್ಮಣ್ಣ. "ಎಂಟನೇ ತಾರೀಕಿಗೆ ಇನ್ನೂ ಎಷ್ಟು ದಿನ ಉಂಟು."

"ಆ ಗೋಡೆ ಊರವರು ಓದೂದು" ಎಂದಳು ಬೀರಮ್ಮ, ಸೌದೆಯಿಂದ ತಲೆ ಎತ್ತದೆ. "ನಾನು ನಿಮ್ಮ ಮುಖ ಓದ್ತೆ. ಎರಡು ದಿನದಿಂದ ಅದರಲ್ಲಿ ಮಳೆ ಉಂಟು."

ಹಮ್ಮಣ್ಣ ಎರಡು ಕಟ್ಟು ಸೌದೆ ತಾನೂ ಎತ್ತಿ ಒಳಗಿಟ್ಟ. ಅಲ್ಲೇ ಸಿಕ್ಕಿಬಿದ್ದ.

ಬೇಲಿಯಾಚೆ ಮಂಕಾಳಮ್ಮ ನಿಂತಿದ್ದಳು. ರಾಶಿಗೆ ಹೊದಿಸುವ ತಟ್ಟಿಗಳನ್ನು ಹೆಣೆಯುವವಳು ಅವಳೇ. ವಯಸ್ಸು ಅರವತ್ತೈದು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು.

"ಏನು ತಮಾ, ನಿಮ್ಮನೆ ಸೌದೆಗೆ ಬೇರೆ ಮಳೆ, ನಮ್ಮ ಉಪ್ಪಿಗೆ ಬೇರೆ ಮಳೆಯಾ?"

"ಅದು... ಅಂಗಳ ಗುಡಿಸೂಕೆ, ಮಂಕಾಳಕ್ಕ."

"ಗುಡಿಸು ಗುಡಿಸು" ಎಂದಳು ಮುದುಕಿ. "ತಟ್ಟಿ ಎಲ್ಲ ಹೆಣೆದು ಇಟ್ಟಿದ್ದೆ. ನೀನು ಹೂಂ ಅಂದ್ರೆ ಇವತ್ತೇ ಹೊದಿಸ್ತೆವು. ಊಹೂಂ ಅಂದ್ರೆ ಆರನೇ ತಾರೀಕಿನ ತನಕ ಎಳೀತೆವು. ನಮಗೆ ಆಕಾಶ ತಿಳಿಯೂದಿಲ್ಲ, ನಿನಗೆ ತಿಳೀತದೆ. ಅದಕ್ಕೇ ನಿನ್ನ ಇಟ್ಕೊಂಡದ್ದು."

ಅವಳು ಹೋದಳು. ಹಮ್ಮಣ್ಣ ಅಂಗಳದಲ್ಲೇ ನಿಂತ. ಹೂಂ ಎಂದರೆ ಇಪ್ಪತ್ತು ದಿನದ ಒಳ್ಳೆ ಉಪ್ಪು ಬಿಡಬೇಕು, ಗೋಡೆ ಸುಳ್ಳಾಗುತ್ತದೆ, ಮಳೆ ಸುಬ್ರಾಯನ ಪಕ್ಕದಲ್ಲಿ ಮಳೆ ಹಮ್ಮಣ್ಣ ಎಂದು ಹೆಸರು ಬೀಳುತ್ತದೆ. ಊಹೂಂ ಎಂದರೆ ಅರವತ್ತು ರಾಶಿಯೂ ಕಡಲಿಗೆ. ಮಳೆ ಬಂದು ಎಲ್ಲ ಹೋದರೂ ಹೇಳಲಿಕ್ಕೆ ಮಾತು ಸಿದ್ಧವೇ ಇದೆ. ಯಾರೋ ಕರೆದರು, ಬೇಗ ಬಂತು. ಇನ್ನೊಬ್ಬ ಸುಬ್ರಾಯನನ್ನು ಹುಡುಕಿದರಾಯಿತು.

ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಹಮ್ಮಣ್ಣನಿಗೇ ನಾಚಿಕೆಯಾಯಿತು.

ಅವನು ನೆಟ್ಟಗೆ ದಂಡೆಗೆ ನಡೆದ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ನಿಂತ. ಉಪ್ಪು ಎಳೆಯುತ್ತಿದ್ದವರು ಹಲಗೆ ನಿಲ್ಲಿಸಿ ತಿರುಗಿದರು.

"ಇವತ್ತೇ ಮುಚ್ಚಬೇಕು" ಎಂದ ಹಮ್ಮಣ್ಣ. "ಎಳೆಯೂದು ಸಾಕು."

ಎಲ್ಲರೂ ಒಟ್ಟಿಗೇ ಮಾತಾಡಿದರು.

"ತಲೆ ಕಾದಿದೆ ಇವನಿಗೆ."

"ಗೋಡೆ ಮೇಲೆ ಜೂನ್ ಎಂಟು ಉಂಟಲ್ಲ?"

"ಗೋಡೆ ಮೇಲಿರೂದು ಹೋದ ವರ್ಷಗಳ ಮಳೆ" ಎಂದ ಹಮ್ಮಣ್ಣ. "ಈ ವರ್ಷದ್ದು ಇನ್ನೂ ಬರೆದಿಲ್ಲ. ಕೋಲಿನಲ್ಲಿ ನೀರು ಇಳೀತಾ ಇಲ್ಲ. ಇನ್ನೊಂದು ಮಾತು. ಒಂಬತ್ತು ವರ್ಷದ ಹಿಂದೆ ಮಳೆಯನ್ನು ಸುಬ್ರಾಯ ಕರೀಲಿಲ್ಲ. ಆವತ್ತೂ ಕೋಲು ಹೀಗೇ ನಿಂತಿತ್ತು. ಅವನು ನೋಡಿದ, ನಾನು ನೋಡಿಯೂ ಬಿಟ್ಟೆ. ನನ್ನ ತಪ್ಪನ್ನು ಅವನ ತಲೆಗೆ ಕಟ್ಟಿದೆ."

ಜನ ಸುಬ್ರಾಯನ ಕಡೆ ನೋಡಿದರು. ಅವನು ಕಾಲಿನಿಂದ ಉಪ್ಪು ಕೆದಕುತ್ತಾ ನಿಂತಿದ್ದ.

"ನೀನೇ ಮೊದಲು ಮುಚ್ಚು ಹಾಗಾದ್ರೆ" ಎಂದು ಯಾರೋ ಕೂಗಿದರು. "ಹೆಸರು ನಿನಗೇ ಬರಲಿ."

ಹಮ್ಮಣ್ಣ ಇಳಿದು ಹೋಗಿ ಒಂದು ತಟ್ಟಿ ಎತ್ತಿ ತನ್ನ ರಾಶಿಯ ಮೇಲೆ ಹೊದಿಸಿದ. ಇನ್ನೊಂದು ತುದಿ ಗಾಳಿಗೆ ಏಳುತ್ತಿತ್ತು. ಅದನ್ನು ಯಾರೋ ಹಿಡಿದರು. ನೋಡಿದರೆ ಸುಬ್ರಾಯ.

"ಬೈಯೂದಿದ್ರೆ ಬೈದುಬಿಡು" ಎಂದ ಹಮ್ಮಣ್ಣ.

"ಬೈಯೂಕೆ ಒಂಬತ್ತು ವರ್ಷದ್ದು ಉಂಟು, ನಿಧಾನಕ್ಕೆ ಬೈತೆ" ಎಂದ ಸುಬ್ರಾಯ. "ಮೊದಲು ಹಗ್ಗ ಬಿಗಿ."

ಅವನ ಹಿಂದೆ ಮಂಕಾಳಮ್ಮ ಬಂದಳು, ಅವಳ ಹಿಂದೆ ಉಳಿದವರು, ಗೊಣಗುತ್ತಾ. ಸಂಜೆಯೊಳಗೆ ಅರವತ್ತು ರಾಶಿಗೂ ಹೊದಿಕೆ ಬಿತ್ತು.

ಮರುದಿನ ಏನಾಯಿತು ಗೊತ್ತೇ? ಬಿಸಿಲು. ಮೋಡದ ಒಂದು ಎಳೆಯೂ ಇಲ್ಲ. ಅದರ ಮರುದಿನ ಇನ್ನೂ ಜೋರು ಬಿಸಿಲು. ಚಹದಂಗಡಿಯಲ್ಲಿ ಹಮ್ಮಣ್ಣ ಕಾಲಿಡುತ್ತಲೇ ಒಬ್ಬ ಛತ್ರಿ ಬಿಚ್ಚಿ ಹಿಡಿದ. ಇನ್ನೊಬ್ಬ, "ಮಳೆ ಹಮ್ಮಣ್ಣ, ಒದ್ದೆಯಾದ್ಯಾ?" ಎಂದು ಟವೆಲ್ ಕೊಟ್ಟ. ಹಮ್ಮಣ್ಣ ಟವೆಲ್ ತೆಗೆದುಕೊಂಡು ಬೆವರು ಒರೆಸಿ ವಾಪಸು ಕೊಟ್ಟ. ಚಹಾ ಪೂರ್ತಿ ಕುಡಿದೇ ಎದ್ದ.

ಮೂರನೆಯ ಬೆಳಿಗ್ಗೆ ಜನರ ತಾಳ್ಮೆ ಮುಗಿಯಿತು. ಹತ್ತಿಪ್ಪತ್ತು ಮಂದಿ ತಟ್ಟಿ ಕಿತ್ತು ಮತ್ತೆ ಎಳೆಯಲು ಹಲಗೆ ಹಿಡಿದು ಬಂದರು. ಎಲ್ಲರಿಗಿಂತ ಮುಂದೆ ಟವೆಲ್ ಕೊಟ್ಟವನು.

ದಂಡೆಗೆ ಅಡ್ಡ ನಿಂತು ಕೂಗಾಡಬಹುದಿತ್ತು. ಇಪ್ಪತ್ತಮೂರು ವರ್ಷದ ಅನುಭವ ಎಂದು ಎದೆ ತಟ್ಟಬಹುದಿತ್ತು. ಹಮ್ಮಣ್ಣ ಎರಡನ್ನೂ ಮಾಡಲಿಲ್ಲ.

"ನನ್ನ ಮಾತು ಕೇಳಬೇಡಿ" ಎಂದ. "ಕಿತ್ತರೂ ನಿಮ್ಮ ತಟ್ಟಿ, ನಿಮ್ಮ ಉಪ್ಪು. ಕೀಳುವ ಮೊದಲು ಕೊಳದ ಹತ್ರ ಹೋಗಿ ಕೋಲು ನೋಡಿ ಬನ್ನಿ. ನಾನು ಬರೂದಿಲ್ಲ, ನೀವೇ ನೋಡಿ."

ಅವರು ಹೋದರು. ಟವೆಲಿನವನು ನೀರಿಗಿಳಿದು ಕೋಲಿಗೆ ಬೆರಳಿಟ್ಟ. ನಿನ್ನೆ ಬೆಳಿಗ್ಗೆ ಹಮ್ಮಣ್ಣ ಕಟ್ಟಿದ್ದ ದಾರದ ಗುರುತಿನಲ್ಲೇ ನೀರು ಇತ್ತು. ಇಡೀ ಒಂದು ದಿನದ ಮೇ ತಿಂಗಳ ಬಿಸಿಲು ಒಂದು ಕೂದಲಿನಷ್ಟೂ ನೀರು ಕುಡಿದಿರಲಿಲ್ಲ. ಉಪ್ಪಿನಲ್ಲೇ ಹುಟ್ಟಿ ಬೆಳೆದ ಜನ ಅವರು. ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿರುಗಿ ಬಂದರು, ಹಲಗೆ ಕೆಳಗಿಟ್ಟರು, ಸಡಿಲವಾಗಿದ್ದ ಹಗ್ಗಗಳನ್ನು ಮತ್ತೊಮ್ಮೆ ಬಿಗಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಮೊದಲು ಬಂತು, ಮಳೆ ಅದರ ಹಿಂದೆಯೇ. ಕಡಲ ಮೇಲೆ ಬರುವಾಗಲೇ ಅದರ ಸದ್ದು ಕೇಳುತ್ತಿತ್ತು. ಗದ್ದೆ, ದಂಡೆ, ಕೊಳ, ಯಾವುದು ಯಾವುದೆಂದು ಕಾಣದಂತೆ ಸುರಿಯಿತು.

ಊರೆಲ್ಲ ತೂಬಿನ ಪಕ್ಕದ ತಗಡಿನ ಮಾಡಿನ ಕೆಳಗೆ ಒತ್ತಿ ನಿಂತಿತ್ತು. ಸಂಜೆ ಸ್ವಲ್ಪ ಬಿಟ್ಟಾಗ ಮಂಕಾಳಮ್ಮ ಓಡಿಹೋಗಿ ಹತ್ತಿರದ ರಾಶಿಯ ತಟ್ಟಿಯೊಳಗೆ ಕೈ ಹಾಕಿದಳು. ಮುಷ್ಟಿ ಹಿಡಿದು ಬಂದು ಎಲ್ಲರೆದುರು ಬಿಚ್ಚಿದಳು. ಉಪ್ಪು ಬೆರಳ ಸಂದಿಯಿಂದ ಸಳಸಳ ಉದುರಿತು, ಒಣಗಿದ್ದ ಉಪ್ಪು ಉದುರುವ ಹಾಗೆ.

"ನಾನು ಮೊದಲೇ ಹೇಳಿದ್ನಲ್ಲ" ಎಂದ ಟವೆಲಿನವನು. ಅಂಥವರು ಎಲ್ಲ ಊರಲ್ಲೂ ಇರುತ್ತಾರೆ. "ನಮ್ಮ ಹಮ್ಮಣ್ಣ ಇಪ್ಪತ್ತಮೂರು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ."

ಹೂಂ ಎಂದುಬಿಡುವುದು ಬಹಳ ಸುಲಭವಿತ್ತು. ಪಕ್ಕದಲ್ಲಿ ಸುಬ್ರಾಯ ನಿಂತಿದ್ದ, ಮಳೆ ನೋಡುತ್ತಾ.

"ಎರಡು ಸಲ ತಪ್ಪಿದ್ದೆ" ಎಂದ ಹಮ್ಮಣ್ಣ. "ಒಂದು ಇವನ ವರ್ಷ, ಇನ್ನೊಂದು ಈ ವರ್ಷ. ಈ ಸಲ ತಪ್ಪು ಬೇಗ ಗೊತ್ತಾಯ್ತು, ಅಷ್ಟೇ ವ್ಯತ್ಯಾಸ."

"ಆಯ್ತು, ಈ ಮಳೆ ಎಷ್ಟು ದಿನ ಇರ್ತದೆ, ಅದನ್ನಾದ್ರೂ ಹೇಳು ತಮಾ" ಎಂದಳು ಮಂಕಾಳಮ್ಮ.

ಹಿಂದಿನ ಹಮ್ಮಣ್ಣನಾದರೆ ಪ್ರಶ್ನೆ ಮುಗಿಯುವ ಮೊದಲೇ ತಾರೀಕು ಹೇಳುತ್ತಿದ್ದ. ಅವನು ತಲೆ ಹೊರಗೆ ಚಾಚಿ ಆಕಾಶ ನೋಡಿದ, ಮುಖ ಒದ್ದೆ ಮಾಡಿಕೊಂಡು ಒಳಗೆ ಬಂದ.

"ನಾಳೆ ಬೆಳಿಗ್ಗೆ ಕೇಳು ಮಂಕಾಳಕ್ಕ" ಎಂದ. "ನೋಡಿ ಹೇಳ್ತೆ."

ಯಾರೂ ನಗಲಿಲ್ಲ. ಮರುದಿನ ಬೆಳಕು ಹರಿಯುವಷ್ಟರಲ್ಲಿ ಅರವತ್ತು ಮನೆಯಿಂದ ಅರವತ್ತು ಮಂದಿ, ಛತ್ರಿ ಹಿಡಿದು, ಅವನು ಏನು ಹೇಳುತ್ತಾನೆಂದು ಕೇಳಲು ಬಂದು ನಿಂತಿದ್ದರು.

ನೀತಿ: ಹಿಂದಿನ ವರ್ಷಗಳ ಅನುಭವ ಮುಂದಿನದನ್ನು ಯೋಚಿಸಲು ಬೇಕು, ಆದರೆ ಇವತ್ತು ಏನು ಮಾಡಬೇಕೆಂದು ಇವತ್ತಿನ ಕಣ್ಣಿನಿಂದಲೇ ನೋಡಿ ತಿಳಿಯಬೇಕು. ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದವನ ಮಾತು ತಪ್ಪದಂತೆ ಕಾಣಬಹುದು. ತಪ್ಪನ್ನು ಸಮಯಕ್ಕೆ ಸರಿಯಾಗಿ, ಎಲ್ಲರ ಎದುರು ಒಪ್ಪಿಕೊಂಡವನ ಮಾತನ್ನು ಮಾತ್ರ ಜನ ನಂಬಿ ನಡೆಯಬಹುದು.